ಮಲ್ಲಿಗೆ, ಕನಕ ಮಾರ್ಗಗಳ ಕಾಮಗಾರಿ: ಶೇಕಡಾ ಲೆಕ್ಕ ಹೇಳದ ಸಂಗತಿಗಳು

ಬೆಂಗಳೂರು ಉಪನಗರ ರೈಲು ಯೋಜನೆಗೆ ಕೇಂದ್ರದ ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿ ಒಪ್ಪಿಗೆ ಕೊಟ್ಟಿದ್ದು 2020ರ ಅಕ್ಟೋಬರ್‌ನಲ್ಲಿ. ಒಟ್ಟು ಉದ್ದ ಸುಮಾರು 148 ಕಿ.ಮೀ., ಅಂದಾಜು ವೆಚ್ಚ 15,767 ಕೋಟಿ ರೂಪಾಯಿ. ಅದರಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು ತಲಾ ಶೇ. 20, ಉಳಿದ ಶೇ. 60 ಸಾಲ. 2022ರ ಜೂನ್ 20ರಂದು ಪ್ರಧಾನಿ ಕೊಮ್ಮಘಟ್ಟದಲ್ಲಿ ಶಂಕುಸ್ಥಾಪನೆ ಮಾಡಿದಾಗ 40 ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟಿದ್ದರು. ಆ ಗಡುವು 2025ರ ಅಕ್ಟೋಬರ್‌ಗೆ ತೀರಿತು. ಆ ಹೊತ್ತಿಗೆ ನಾಲ್ಕರಲ್ಲಿ ಒಂದು ಕಾರಿಡಾರ್‌ನಲ್ಲೂ ರೈಲು ಓಡಿರಲಿಲ್ಲ.

ನಾಲ್ಕು ಕಾರಿಡಾರ್‌ಗಳಿಗೂ ಹೂವಿನ ಹೆಸರಿಟ್ಟಿದ್ದಾರೆ. ಕೆಎಸ್‌ಆರ್ ಬೆಂಗಳೂರಿನಿಂದ ದೇವನಹಳ್ಳಿಗೆ ಸಂಪಿಗೆ, ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಮಲ್ಲಿಗೆ, ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಪಾರಿಜಾತ, ಹೀಲಲಿಗೆಯಿಂದ ರಾಜಾನುಕುಂಟೆಗೆ ಕನಕ. ಮೊದಲು ಗುದ್ದಲಿ ಬಿದ್ದಿದ್ದು ಮಲ್ಲಿಗೆಗೆ, ಆಮೇಲೆ ಕನಕಕ್ಕೆ. ಹಾಗಾಗಿ ಕಲಿಯುವುದೇನಿದ್ದರೂ ಈ ಎರಡರಿಂದಲೇ.

ಪ್ರಗತಿ ಪರಿಶೀಲನಾ ಸಭೆ ಮುಗಿದ ಮೇಲೆ ಪತ್ರಿಕೆಗಳಲ್ಲಿ ಬರುವುದು ‘ಶೇಕಡಾ ಇಷ್ಟು ಪೂರ್ಣ’ ಎಂಬ ಒಂದೇ ಅಂಕಿ. ಆ ಅಂಕಿ ಹುಟ್ಟುವ ಬಗೆ ಗೊತ್ತಿದ್ದರೆ ಅದನ್ನು ಓದುವ ರೀತಿಯೇ ಬದಲಾಗುತ್ತದೆ. ಮಣ್ಣಿನ ಕೆಲಸ, ಪೈಲ್ (ನೆಲದಾಳಕ್ಕೆ ಇಳಿಸುವ ಅಡಿಪಾಯದ ಕಂಬ), ಪಿಯರ್ (ಅದರ ಮೇಲೆ ನಿಲ್ಲುವ ಕಂಬ), ಗರ್ಡರ್ (ಕಂಬಗಳ ಮೇಲೆ ಕೂರುವ ತೊಲೆ), ನಿಲ್ದಾಣ, ಹಳಿ, ವಿದ್ಯುತ್, ಸಿಗ್ನಲ್ ಹೀಗೆ ಪ್ರತಿ ಬಾಬತ್ತಿಗೂ ಒಂದು ತೂಕ ಕೊಟ್ಟಿರುತ್ತಾರೆ. ಅಡಚಣೆ ಇಲ್ಲದ ಕಡೆ ಪೈಲ್ ಕೊರೆದು, ಯಾರ್ಡ್‌ನಲ್ಲಿ ಗರ್ಡರ್ ಎರಕ ಹೊಯ್ದು ಪೇರಿಸಿದರೂ ಶೇಕಡಾ ಏರುತ್ತದೆ. ಒಂದು ಲೆವೆಲ್ ಕ್ರಾಸಿಂಗ್ ಪಕ್ಕದ ನಾಲ್ಕು ಗುಂಟೆ ಜಾಗ ಕೈಗೆ ಬಾರದೆ ಮಾರ್ಗವೇ ತುಂಡಾಗಿದ್ದರೂ ಅಂಕಿಯಲ್ಲಿ ಅದು ಕಾಣುವುದಿಲ್ಲ. ಭೌತಿಕ ಪ್ರಗತಿ ಬೇರೆ, ಆರ್ಥಿಕ ಪ್ರಗತಿ ಬೇರೆ. ಎರಡನೆಯದರಲ್ಲಿ ಭೂಮಿಗೆ ಕಟ್ಟಿದ ಪರಿಹಾರ, ಗುತ್ತಿಗೆದಾರರಿಗೆ ಕೊಟ್ಟ ಮುಂಗಡ ಎಲ್ಲವೂ ಸೇರಿರುತ್ತವೆ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲೂ ತುಂಡಾಗದೆ ಸತತವಾಗಿ ಗುತ್ತಿಗೆದಾರರ ವಶಕ್ಕೆ ಬಂದಿರುವ ಉದ್ದ ಎಷ್ಟು ಕಿಲೋಮೀಟರ್?

ಈ ಯೋಜನೆಯ ಭೂಮಿ ಬಹುಪಾಲು ರೈಲ್ವೆಯದ್ದೇ, ಹಾಗಾಗಿ ಸಲೀಸಾಗಿ ಸಿಗುತ್ತದೆ ಎಂದು ಬಹಳ ಜನ ನಂಬಿದ್ದರು. ರೈಲ್ವೆ ಭೂಮಿ ಎಂದರೆ ಖಾಲಿ ಭೂಮಿಯಲ್ಲ. ಅಲ್ಲಿ ಸಿಬ್ಬಂದಿ ವಸತಿಗೃಹ, ಗ್ಯಾಂಗ್ ಕೊಠಡಿ, ರಿಲೇ ರೂಮು, ಹಳೆಯ ಸೈಡಿಂಗ್, ನೀರಿನ ಟ್ಯಾಂಕು ಇರುತ್ತವೆ. ಪ್ರತಿಯೊಂದಕ್ಕೂ ಬದಲಿ ಕಟ್ಟಡ ಕಟ್ಟಿ, ಸಂಬಂಧಪಟ್ಟ ವಿಭಾಗಕ್ಕೆ ಒಪ್ಪಿಸಿ, ಅವರು ಸ್ಥಳಾಂತರವಾದ ಮೇಲೆಯೇ ಹಳೆಯದನ್ನು ಕೆಡವಬಹುದು. ಖಾಸಗಿ ಜಮೀನನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮೂಲಕ ಸ್ವಾಧೀನ ಮಾಡುತ್ತಾರೆ. ಅದರ ಕಾಯ್ದೆಯ 28(1) ಕಲಮಿನ ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆ, ವಿಚಾರಣೆ, 28(4) ಅಂತಿಮ ಅಧಿಸೂಚನೆ, ದರ ನಿಗದಿ, ಪರಿಹಾರ, ಆಮೇಲೆ ಸ್ವಾಧೀನ. ತಡವಾಗುವುದು ಸಾಮಾನ್ಯವಾಗಿ ಅಧಿಸೂಚನೆಯಲ್ಲಲ್ಲ, ಜಂಟಿ ಅಳತೆಯಲ್ಲಿ. ಆರ್‌ಟಿಸಿಯಲ್ಲಿರುವ ವಿಸ್ತೀರ್ಣಕ್ಕೂ ಸ್ಥಳದ ಬೇಲಿಗೂ ಹೊಂದುವುದಿಲ್ಲ. ಪೋಡಿ ಆಗಿರುವುದಿಲ್ಲ. ಕಂದಾಯ ನಿವೇಶನಗಳಲ್ಲಿ ಒಂದೇ ಸರ್ವೆ ನಂಬರಿಗೆ ಹತ್ತಾರು ಮಾಲೀಕರು ಇರುತ್ತಾರೆ. ರೈಲ್ವೆಯ ಗಡಿಕಲ್ಲು ಸಿಗದ ಕಡೆ ರೈಲ್ವೆ ನಕ್ಷೆ ಒಂದು ಹೇಳಿದರೆ ಗ್ರಾಮ ನಕ್ಷೆ ಇನ್ನೊಂದು ಹೇಳುತ್ತದೆ.

ಟೆಂಡರ್ ಕರೆಯುವ ಮೊದಲೇ ಜಾಗದ ಬಹುಪಾಲು ಕೈಯಲ್ಲಿರಬೇಕು ಎನ್ನುವುದು ಇದೇ ಕಾರಣಕ್ಕೆ. ಪೈಲಿಂಗ್ ರಿಗ್ ಅನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಟ್ರೇಲರ್‌ನಲ್ಲಿ ಸಾಗಿಸಿ ಮತ್ತೆ ನಿಲ್ಲಿಸುವ ಖರ್ಚು ಗುತ್ತಿಗೆದಾರರದ್ದು. ಮೂರು ಪಿಯರ್ ಇಲ್ಲಿ, ಎರಡು ಪಿಯರ್ ಅಲ್ಲಿ ಎಂದು ಚದುರಿದ ಜಾಗ ಕೊಟ್ಟರೆ ಯಂತ್ರ, ಜನ, ಕಾಂಕ್ರೀಟ್ ಬೆರೆಸುವ ಬ್ಯಾಚಿಂಗ್ ಪ್ಲಾಂಟ್ ಎಲ್ಲವೂ ಕೂತು ಉಣ್ಣುತ್ತವೆ. ಆ ನಷ್ಟ ಮುಂದೆ ಕ್ಲೇಮಿನ, ಅಂದರೆ ಪರಿಹಾರ ಕೇಳುವ ಬೇಡಿಕೆಯ, ರೂಪದಲ್ಲಿ ಬಂದೇ ಬರುತ್ತದೆ.

ಊರುಗಳ ನಡುವೆ ಬಯಲಲ್ಲಿ ಹೊಸದಾಗಿ ಹಾಕುವ ಮಾರ್ಗಕ್ಕಿಲ್ಲದ ಒಂದು ಕಷ್ಟ ಇಲ್ಲಿದೆ. ರೈಲು ಓಡುತ್ತಿರುವ ಹಳಿಯ ಮಗ್ಗುಲಲ್ಲೇ ಕೆಲಸ ಮಾಡಬೇಕು. ಅಗೆಯುವ ಮೊದಲು ಸಿಗ್ನಲ್ ವಿಭಾಗದವರು, ದೂರಸಂಪರ್ಕದವರು, ವಿದ್ಯುತ್ ವಿಭಾಗದವರು ಜಂಟಿಯಾಗಿ ಸ್ಥಳಕ್ಕೆ ಬಂದು ಕೇಬಲ್ ಎಲ್ಲಿ ಹಾದಿದೆ ಎಂದು ಗುರುತು ಹಾಕಿಕೊಡಬೇಕು. ಕೇಬಲ್ ನಕ್ಷೆಯಲ್ಲಿ ತೋರಿಸಿದ ಕಡೆಯೇ ಇರುತ್ತದೆ ಎನ್ನುವ ಭರವಸೆ ಇಲ್ಲ. ಹಿಂದೆ ಯಾವುದೋ ದುರಸ್ತಿಯಲ್ಲಿ ಸುತ್ತಿ ಬಿಟ್ಟಿರುತ್ತಾರೆ. ಆದ್ದರಿಂದ ಜೆಸಿಬಿ ಇಳಿಸುವ ಮೊದಲು ಕೈಯಿಂದ ಅಡ್ಡ ಗುಂಡಿ ತೋಡಿ ಕಣ್ಣಾರೆ ನೋಡಿಕೊಳ್ಳಬೇಕು. ಈ ಒಂದು ಹೆಜ್ಜೆ ಬಿಟ್ಟರೆ ಕೇಬಲ್ ತುಂಡಾಗುತ್ತದೆ, ಸಿಗ್ನಲ್‌ಗಳು ಕೆಂಪಿಗೆ ಬೀಳುತ್ತವೆ, ಸಾಲಾಗಿ ರೈಲುಗಳು ನಿಲ್ಲುತ್ತವೆ. ಅಲ್ಲಿಂದ ಮುಂದೆ ಆ ಸೆಕ್ಷನ್‌ನಲ್ಲಿ ಅಗೆಯಲು ಅನುಮತಿ ಸಿಗುವುದೇ ಕಷ್ಟ.

ನೆಲಮಟ್ಟದ ಭಾಗಗಳಲ್ಲಿ ಹಳೆಯ ಏರಿಯ ಪಕ್ಕಕ್ಕೆ ಹೊಸ ಏರಿ ಸೇರಿಸುವಾಗ ಹಳೆಯ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಇಳಿಜಾರಿನ ಮೇಲೆಯೇ ಮಣ್ಣು ಸುರಿದರೆ ಎರಡರ ನಡುವೆ ಜಾರುವ ಪದರ ಉಳಿದು, ಒಂದೆರಡು ಮಳೆಗಾಲ ಕಳೆಯುವುದರಲ್ಲಿ ಉದ್ದಕ್ಕೆ ಬಿರುಕು ಬಿಡುತ್ತದೆ. ಮಣ್ಣನ್ನು ತೆಳುವಾದ ಪದರಗಳಲ್ಲಿ ಹರಡಿ, ಹದವಾದ ತೇವದಲ್ಲಿ ರೋಲರ್ ಹೊಡೆದು, ಪ್ರತಿ ಪದರದ ಸಾಂದ್ರತೆ ಪರೀಕ್ಷಿಸಿದ ಮೇಲೆಯೇ ಮುಂದಿನ ಪದರ. ಅದರ ಮೇಲೆ ಬ್ಲಾಂಕೆಟ್ ಎನ್ನುವ ಒರಟು ಮಣ್ಣು-ಕಲ್ಲಿನ ಪದರ, ಅದರ ಮೇಲೆ 350 ಮಿ.ಮೀ. ಜಲ್ಲಿ, ಕಿಲೋಮೀಟರಿಗೆ 1,660 ಕಾಂಕ್ರೀಟ್ ಸ್ಲೀಪರ್, ಮೀಟರಿಗೆ 60 ಕೆ.ಜಿ. ತೂಗುವ ಹಳಿ. ಇದು ಬ್ರಾಡ್‌ಗೇಜ್ ಮಾರ್ಗಗಳಿಗೆ ರೂಢಿಯ ಲೆಕ್ಕ. ಕೆರೆಯಂಗಳದ ಮಣ್ಣು ಸಿಕ್ಕ ಕಡೆ ಅದನ್ನು ತೆಗೆದು ಬೇರೆ ಮಣ್ಣು ತುಂಬದೆ ಬೇರೆ ದಾರಿಯಿಲ್ಲ. ನೀರು ಹೋಗುವ ಚರಂಡಿಯನ್ನು ಕೊನೆಗೆ ಮಾಡೋಣ ಎಂದು ಬಿಟ್ಟರೆ ಅಲ್ಲಿಯವರೆಗೆ ಮಾಡಿದ ಏರಿಯೇ ಮೆತ್ತಗಾಗುತ್ತದೆ.

ಮಲ್ಲಿಗೆಯ 25 ಕಿ.ಮೀ.ನಲ್ಲಿ ಸುಮಾರು 8 ಕಿ.ಮೀ. ಎತ್ತರಿಸಿದ ಮಾರ್ಗ. ಅದಕ್ಕೆ 31 ಮೀಟರ್ ಉದ್ದದ ಯು-ಗರ್ಡರ್ ಆರಿಸಿಕೊಂಡರು. ಮೆಟ್ರೊಗಳಲ್ಲಿ ಅಲ್ಲಿಯವರೆಗೆ ರೂಢಿಯಲ್ಲಿದ್ದದ್ದು 28 ಮೀಟರ್. ಮೂರು ಮೀಟರಿಗೆ ಏನು ಮಹಾ ಎನ್ನಿಸಬಹುದು. 8,000 ಮೀಟರನ್ನು 28ರಿಂದ ಭಾಗಿಸಿದರೆ ಸುಮಾರು 286 ಅಂಕಣ (ಎರಡು ಪಿಯರ್ ನಡುವಿನ ಭಾಗ), 31ರಿಂದ ಭಾಗಿಸಿದರೆ 258. ಅಂದರೆ ಹತ್ತಿರ ಹತ್ತಿರ 28 ಪಿಯರ್ ಕಡಿಮೆ, ಅಷ್ಟು ಪೈಲ್ ಗುಂಪುಗಳು ಕಡಿಮೆ, ಅಷ್ಟು ಕಡೆ ಒಳಚರಂಡಿ, ನೀರಿನ ಕೊಳವೆ ಸರಿಸುವ ತಾಪತ್ರಯ ಕಡಿಮೆ. ಯು-ಗರ್ಡರ್‌ನಲ್ಲಿ ಹಳಿ ಕೂರುವುದು ತೊಟ್ಟಿಯ ತಳದಂಥ ಭಾಗದಲ್ಲಿ. ಹಾಗಾಗಿ ಇಡೀ ಮಾರ್ಗದ ಎತ್ತರವೂ ತಗ್ಗುತ್ತದೆ, ಅಕ್ಕಪಕ್ಕದ ಗೋಡೆಗಳು ಸದ್ದನ್ನೂ ತಡೆಯುತ್ತವೆ.

ಇದನ್ನು ಎರಕ ಹೊಯ್ಯುವ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಉಕ್ಕಿನ ಎಳೆಗಳನ್ನು ಮೊದಲು ಎರಕದ ಬೆಡ್‌ನ (ಅಚ್ಚು ಕೂರುವ ಉದ್ದನೆಯ ವೇದಿಕೆಯ) ಎರಡು ತುದಿಗೆ ಎಳೆದು ಬಿಗಿದು, ಕಂಬಿ ಪಂಜರ ಕೂರಿಸಿ, ಕಾಂಕ್ರೀಟ್ ಸುರಿದು, ಆವಿಯಲ್ಲಿ ಕ್ಯೂರಿಂಗ್ ಮಾಡಿ, ಕಾಂಕ್ರೀಟಿನ ಮಾದರಿ ಘನಗಳನ್ನು ಒತ್ತಿ ನೋಡುವ ಕ್ಯೂಬ್ ಪರೀಕ್ಷೆಯಲ್ಲಿ ನಿಗದಿತ ಬಲ ಬಂದ ಮೇಲೆ ಎಳೆಗಳನ್ನು ನಿಧಾನವಾಗಿ ಸಡಿಲಿಸುತ್ತಾರೆ. ಬೆಡ್ ಬೇಗ ಖಾಲಿಯಾಗಲಿ ಎಂದು ಆವಿಯ ಶಾಖವನ್ನು ಒಮ್ಮೆಲೇ ಏರಿಸಿದರೆ ಒಳಗೆ ಸೂಕ್ಷ್ಮ ಬಿರುಕು ಬೀಳುತ್ತದೆ. ತುದಿಗಳಲ್ಲಿ ಕೆಲವು ಎಳೆಗಳಿಗೆ ಕಾಂಕ್ರೀಟ್ ಅಂಟದಂತೆ ಪ್ಲಾಸ್ಟಿಕ್ ಕೊಳವೆ ಹಾಕಿರುತ್ತಾರೆ. ಅದರ ಬಾಯಿ ಸರಿಯಾಗಿ ಮುಚ್ಚದೆ ಸಿಮೆಂಟ್ ಹಾಲು ಒಳಗೆ ಇಳಿದರೆ ತುದಿಯಲ್ಲಿ ಬೇಡದ ಒತ್ತಡ ಬಿದ್ದು ಸೀಳು ಕಾಣಿಸಿಕೊಳ್ಳುತ್ತದೆ. ಪೇರಿಸಿಡುವ ಜಾಗದಲ್ಲಿ ನಾಲ್ಕು ಆಧಾರಗಳಲ್ಲಿ ಒಂದು ಕುಸಿದರೂ ಗರ್ಡರ್ ತಿರುಚಿಕೊಳ್ಳುತ್ತದೆ. ತೆರೆದ ಆಕಾರವಾದ್ದರಿಂದ ತಿರುಚುವಿಕೆಯನ್ನು ತಡೆದುಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ. ಆಮೇಲೆ ಇಷ್ಟುದ್ದದ ವಸ್ತುವನ್ನು ರಾತ್ರಿ ಹೊತ್ತು ಬಹು ಆಕ್ಸಲ್ ಟ್ರೇಲರ್‌ನಲ್ಲಿ ನಗರದ ತಿರುವುಗಳನ್ನು ದಾಟಿಸಿ ತರಬೇಕು. ತಿರುವಿನಲ್ಲಿ ಟ್ರೇಲರ್‌ನ ಬಾಲ ಎಲ್ಲಿಯವರೆಗೆ ಬೀಸುತ್ತದೆ ಎಂದು ಮೊದಲೇ ಅಳೆದಿರಬೇಕು.

ಓಡುವ ಹಳಿಯ ಮೇಲೆ ಗರ್ಡರ್ ಕೂರಿಸುವುದಾದರೆ ಟ್ರಾಫಿಕ್ ಬ್ಲಾಕ್ (ನಿಗದಿತ ಹೊತ್ತು ರೈಲು ನಿಲ್ಲಿಸುವುದು), ಪವರ್ ಬ್ಲಾಕ್ (ಮೇಲಿನ ತಂತಿಯ ವಿದ್ಯುತ್ ನಿಲ್ಲಿಸುವುದು) ಎರಡೂ ಬೇಕು. ಎರಡೂವರೆ ಗಂಟೆಯ ಬ್ಲಾಕ್ ಸಿಕ್ಕಿತು ಎನ್ನಿ. ಕೊನೆಯ ರೈಲು ದಾಟಿ, ಕಂಟ್ರೋಲರ್‌ರಿಂದ ಲಿಖಿತ ಅನುಮತಿ ಕೈಗೆ ಬಂದು, 25 ಕೆವಿ ತಂತಿಯ ವಿದ್ಯುತ್ ಕಡಿದು, ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ಕೋಲು ಹಾಕುವವರೆಗೆ ಕ್ರೇನಿನ ಬೂಮ್ ಅಲುಗಬಾರದು. ಮುಗಿಸುವಾಗಲೂ ಅಷ್ಟೇ: ಅರ್ಥಿಂಗ್ ತೆಗೆದು, ಹಳಿಯ ಮೇಲೆ ಏನೂ ಉಳಿದಿಲ್ಲ ಎಂದು ನಡೆದು ನೋಡಿ, ಬರಹದಲ್ಲಿ ಬ್ಲಾಕ್ ಬಿಟ್ಟುಕೊಡಬೇಕು. ಈ ಎರಡು ತುದಿ ಕಳೆದರೆ ಎತ್ತಿ ಕೂರಿಸಲು ಉಳಿಯುವ ಸಮಯ ಬಹಳ ಸಣ್ಣದು. ಅವಧಿ ಮೀರಿದರೆ ಬೆಳಗಿನ ರೈಲುಗಳೆಲ್ಲ ತಡವಾಗುತ್ತವೆ, ಮುಂದಿನ ಬ್ಲಾಕ್ ವಾರಗಟ್ಟಲೆ ಮುಂದೆ ಹೋಗುತ್ತದೆ. ಇದಕ್ಕೂ ಮೊದಲು, ಹಳಿಯ ಮೇಲೆ ಹಾದುಹೋಗುವ ಪ್ರತಿ ಸೇತುವೆಯ ಸಾಮಾನ್ಯ ವಿನ್ಯಾಸ ನಕ್ಷೆಗೆ, ಅಂದರೆ ಜಿಎಡಿಗೆ, ನೈರುತ್ಯ ರೈಲ್ವೆಯ ಹಲವು ವಿಭಾಗಗಳ ಸಹಿ ಬೀಳಬೇಕು. ಒಂದು ವಿಭಾಗ ತಿದ್ದುಪಡಿ ಕೇಳಿದರೆ ನಕ್ಷೆ ಎಲ್ಲರ ಮೇಜಿಗೂ ಮತ್ತೆ ಹೋಗುತ್ತದೆ.

ನಾಯಕತ್ವದ ಮಾತು ಬರುವುದೇ ಇಲ್ಲಿ. ಯೋಜನೆ ನಡೆಸುವ ಕೆ-ರೈಡ್‌ನಲ್ಲಿ ರಾಜ್ಯದ ಪಾಲು ಶೇ. 51, ರೈಲ್ವೆ ಸಚಿವಾಲಯದ್ದು ಶೇ. 49. ಭೂಮಿ, ಪರಿಹಾರ, ಪಾಲಿಕೆ, ಜಲಮಂಡಳಿ, ಬೆಸ್ಕಾಂ ಇವೆಲ್ಲ ರಾಜ್ಯದ ಕಡೆ. ಜಿಎಡಿ, ಬ್ಲಾಕ್, ಸಿಗ್ನಲ್, ಸುರಕ್ಷತಾ ಆಯುಕ್ತರ ಅನುಮತಿ ರೈಲ್ವೆಯ ಕಡೆ. ವ್ಯವಸ್ಥಾಪಕ ನಿರ್ದೇಶಕರಾದವರು ಎರಡೂ ಬಾಗಿಲು ಬಡಿದು ತೆರೆಸಬಲ್ಲವರಾಗಿರಬೇಕು. ಆದರೆ ಕಾಮಗಾರಿಯ ಮೊದಲ ವರ್ಷಗಳಲ್ಲಿ ಈ ಹುದ್ದೆ ಬೇರೆ ಇಲಾಖೆಯ ಕೆಲಸವಿದ್ದ ಐಎಎಸ್ ಅಧಿಕಾರಿಗೆ ಹೆಚ್ಚುವರಿ ಹೊಣೆಯಾಗಿಯೂ ಇತ್ತು. ರೈಲು ಕಟ್ಟಿ ಗೊತ್ತಿರುವ ಪೂರ್ಣಾವಧಿ ಎಂಜಿನಿಯರ್ ಬೇಕೆಂದು ಉಪನಗರ ರೈಲಿಗಾಗಿ ವರ್ಷಗಳಿಂದ ಹೋರಾಡಿದ ನಾಗರಿಕರು ಕೂಗಿ ಹೇಳಿದ್ದರು. ಅವರ ಮಾತು ಸರಿಯಾಗಿತ್ತು. ಐಎಎಸ್ ಅಧಿಕಾರಿಗಳ ಸಾಮರ್ಥ್ಯದ ಪ್ರಶ್ನೆ ಇದಲ್ಲ. ಭೂಸ್ವಾಧೀನದಲ್ಲಿ ಅವರ ಅನುಭವಕ್ಕೆ ಸಾಟಿಯಿಲ್ಲ. ಆದರೆ ಬ್ಲಾಕ್ ಸಿಗದಾಗ ಯಾವ ಅನುಕ್ರಮ ಬದಲಿಸಿದರೆ ಕೆಲಸ ನಿಲ್ಲುವುದಿಲ್ಲ ಎಂಬ ತೀರ್ಮಾನವನ್ನು ಅದೇ ದಿನ ತೆಗೆದುಕೊಳ್ಳಬೇಕು. ವಾರಕ್ಕೊಂದು ಸಭೆಗೆ ಬರುವವರಿಂದ ಅದು ಆಗುವುದಿಲ್ಲ.

ಹೋಲಿಸಿ ನೋಡಲು ನಮ್ಮದೇ ಕರಾವಳಿಯಲ್ಲಿ ಕೊಂಕಣ ರೈಲ್ವೆ ಇದೆ. 1990ರಲ್ಲಿ ನಿಗಮ ಹುಟ್ಟಿತು. ಆಗ ಕೇಂದ್ರದ ಪಾಲು ಶೇ. 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಅಂದರೆ ಅಲ್ಲಿಯೂ ಯಜಮಾನರು ಒಬ್ಬರಲ್ಲ, ಐವರು. ಇ. ಶ್ರೀಧರನ್ ಪೂರ್ಣಾವಧಿ ಮುಖ್ಯಸ್ಥರಾಗಿದ್ದರು. ಮಾರ್ಗವನ್ನು ಏಳು ವಿಭಾಗ ಮಾಡಿ ಪ್ರತಿಯೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರ್ ನೇಮಿಸಿದರು. ಕಾರವಾರ, ಉಡುಪಿ ಅವುಗಳಲ್ಲಿ ಎರಡು. ಗೋವಾದ ಪೆರ್ನೆಮ್ ಸುರಂಗದಲ್ಲಿ ಮೆದು ಮಣ್ಣು ಕುಸಿದು ಕುಸಿದು ಸತಾಯಿಸಿದರೂ 1998ರ ಜನವರಿಯಲ್ಲಿ ಇಡೀ ಮಾರ್ಗ ತೆರೆಯಿತು. ಬೆಂಗಳೂರಿನಲ್ಲಿ ಸುರಂಗದ ಕಷ್ಟವಿಲ್ಲ, ಓಡುವ ಹಳಿಯ ಕಷ್ಟವಿದೆ. ಸ್ಥಳದಲ್ಲಿರುವವರ ಕೈಗೆ ಅಧಿಕಾರ ಕೊಟ್ಟ ಆ ಏರ್ಪಾಟು ಮಾತ್ರ ಇಲ್ಲಿಗೂ ಹೊಂದುತ್ತದೆ.

ಎಲ್ ಅಂಡ್ ಟಿ ಸಂಸ್ಥೆಗೆ ಮಲ್ಲಿಗೆಯ ಸಿವಿಲ್ ಗುತ್ತಿಗೆ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ, ಕನಕದ್ದು 2023ರ ಕೊನೆಯಲ್ಲಿ. 2025ರಲ್ಲಿ ಎರಡರಿಂದಲೂ ಅದು ಹೊರಬಂತು. ಜಾಗ ಹಸ್ತಾಂತರವಾಗಲಿಲ್ಲ ಎಂಬುದು ಸಂಸ್ಥೆಯ ವಾದ, ಅದನ್ನು ಕೆ-ರೈಡ್ ಒಪ್ಪಲಿಲ್ಲ. ಯಾರ ವಾದ ನಿಲ್ಲುತ್ತದೆ ಎಂಬುದಕ್ಕಿಂತ ಈಗ ನೋಡಬೇಕಾದದ್ದು ಉಳಿದ ಕೆಲಸದ ಲೆಕ್ಕ. ಗುತ್ತಿಗೆ ನಡುವೆ ಮುರಿದಾಗ ಆಗಿರುವ ಕೆಲಸವನ್ನು ಜಂಟಿಯಾಗಿ ಅಳೆಯಬೇಕು. ಅರ್ಧ ನಿಂತ ಪಿಯರ್‌ಗಳ ತಲೆಯಲ್ಲಿ ಹೊರಚಾಚಿದ ಕಂಬಿಗೆ ಮಳೆಯಲ್ಲಿ ತುಕ್ಕು ಹಿಡಿಯದಂತೆ ಸಿಮೆಂಟ್ ಹಾಲು ಬಳಿಯಬೇಕು, ಇಲ್ಲವೇ ಕಾಂಕ್ರೀಟಿನಿಂದ ಮುಚ್ಚಬೇಕು. ಪೈಲ್‌ಗಳ ಪರೀಕ್ಷಾ ದಾಖಲೆ, ಕ್ಯೂಬ್ ಪುಸ್ತಕ, ಗರ್ಡರ್‌ಗಳ ಎರಕದ ದಾಖಲೆ ಹೊಸಬರ ಕೈಸೇರಬೇಕು. ದಾಖಲೆ ಇಲ್ಲದ ಪೈಲ್‌ನ ಮೇಲೆ ಭಾರ ಹೊರಿಸಲು ಹೊಸ ಗುತ್ತಿಗೆದಾರರು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಮತ್ತೆ ಪರೀಕ್ಷೆ ಮಾಡಿಸಲು ತಿಂಗಳುಗಳು ಹಿಡಿಯುತ್ತವೆ.

ಉಳಿದ ಕೆಲಸವನ್ನು ಸಣ್ಣ ಪ್ಯಾಕೇಜುಗಳಾಗಿ ಒಡೆದು ಟೆಂಡರ್ ಕರೆಯುವುದು ಸರಿಯಾದ ಹೆಜ್ಜೆ. ಒಂದು ಕಡೆ ಜಾಗ ತಡವಾದರೆ ಇಡೀ ಕಾರಿಡಾರ್ ಸಿಕ್ಕಿಬೀಳುವುದು ತಪ್ಪುತ್ತದೆ. ಆದರೆ ಪ್ಯಾಕೇಜು ಹೆಚ್ಚಿದಷ್ಟೂ ಅವು ಕೂಡುವ ಗಡಿಗಳು ಹೆಚ್ಚುತ್ತವೆ. ಒಬ್ಬರ ಏರಿ ಮುಗಿದು ಇನ್ನೊಬ್ಬರ ಸೇತುವೆ ಶುರುವಾಗುವಲ್ಲಿ ಮಟ್ಟ ಹೊಂದಿಸುವವರು ಯಾರು, ಸೇತುವೆ ಬೆನ್ನಿನ ಮಣ್ಣು ತುಂಬುವವರು ಯಾರು, ಪ್ಲಾಟ್‌ಫಾರಂ ಅಂಚು ಮತ್ತು ಹಳಿಯ ನಡುವಿನ ಅಳತೆಗೆ ಹೊಣೆ ಯಾರದ್ದು ಎಂಬುದು ಟೆಂಡರ್ ದಾಖಲೆಯಲ್ಲೇ ಬರೆದಿರಬೇಕು. ಗಡಿಯನ್ನು ನಕ್ಷೆಯಲ್ಲಿ ಸುಲಭವಾಗಿ ಕಾಣುವ ಕಡೆ ಎಳೆಯದೆ, ಜಾಗ ಪೂರ್ತಿ ಕೈಯಲ್ಲಿರುವ ಕಡೆ ಎಳೆಯಬೇಕು. ರೈಲುಗಳ ಖರೀದಿಯನ್ನೂ ಸಿವಿಲ್ ಕೆಲಸ ಮುಗಿಯಲಿ ಎಂದು ಕಾಯಿಸುವಂತಿಲ್ಲ. ಆದೇಶ ಕೊಟ್ಟ ಮೇಲೆ ವಿನ್ಯಾಸ, ತಯಾರಿ, ಪರೀಕ್ಷಾ ಓಟಗಳಿಗೆ ವರ್ಷಗಳೇ ಬೇಕು, ಅವು ಬಂದಿಳಿಯಲು ಡಿಪೊ ಅಷ್ಟರೊಳಗೆ ಸಿದ್ಧವಿರಬೇಕು.