ಬಿಸಿ ಇರುವ ಕಡೆ ಯಾರು ನೋಡ್ತಾರೆ?

‘ತಣ್ಣಗಿರೋದನ್ನ ಎಲ್ರೂ ನೋಡ್ತಾರೆ ಗೌಡ್ರೆ. ಬಿಸಿ ಇರೋದನ್ನ ಯಾರು ನೋಡ್ತಾರೆ?’

ಕಳೆದ ಭಾನುವಾರ ನಮ್ಮ ಕಾಫಿ ಕಣದಲ್ಲಿ ಕೂತು ಮೆಕ್ಯಾನಿಕ್ ಹೇಳಿದ ಮಾತು ಇದು. ಅವರು ಹೇಳಿದ್ದು ಚಿಕ್ಕಪ್ಪನ ರಾಜ್‌ದೂತ್ 350 ಬೈಕಿನ ಬಗ್ಗೆ. ಆದರೆ ವಾರವಿಡೀ ನನ್ನ ತಲೆಯಲ್ಲಿ ಅದೇ ಓಡುತ್ತಿದೆ.

ಯಮಹಾ ಆರ್‌ಡಿ 350ಯನ್ನು ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ನಮ್ಮ ದೇಶಕ್ಕೆ ಈ ಹೆಸರಲ್ಲಿ ತಂದಿತ್ತು. 347 ಸಿಸಿ, ಎರಡು ಸಿಲಿಂಡರ್, ಎರಡು ಕಾರ್ಬ್ಯುರೇಟರ್, ಎರಡು ಸೈಲೆನ್ಸರ್. ಪೆಟ್ರೋಲ್ ಕುಡಿಯುತ್ತೆ ಅಂತ ಆಗ ಜನ ಹೆದರಿ ದೂರ ನಿಂತರು. ಈಗ ಅದೇ ಗಾಡಿಗೆ ಹುಡುಕಾಟ. ಚಿಕ್ಕಪ್ಪ ತೀರಿಕೊಂಡ ಮೇಲೆ ನಮ್ಮದು ಗೋಡೌನಿನಲ್ಲಿ ಮೆಣಸಿನ ಮೂಟೆಗಳ ಹಿಂದೆ ನಿಂತುಬಿಟ್ಟಿತ್ತು. ಚಿಕ್ಕಮಗಳೂರಿನ ಮಳೆಗಾಲ ಬಾಗಿಲು ಹಾಕಿದ ಗೋಡೌನಿನೊಳಗೂ ಬರುತ್ತದೆ, ಗೊತ್ತಲ್ಲ.

ಸ್ಟಾರ್ಟ್ ಏನೋ ಆಯಿತು. ಆದರೆ ಎಡಗಡೆ ಸೈಲೆನ್ಸರ್ ಕೈ ಇಡಲಾಗದಷ್ಟು ಬಿಸಿ, ಬಲಗಡೆಯದು ಬೆಚ್ಚಗೆ ಅಷ್ಟೇ. ಪೇಟೆಯ ಒಂದು ಗ್ಯಾರೇಜಿನವರು ಫೋಟೊ ನೋಡಿಯೇ ಎರಡೂ ಕಾರ್ಬ್ಯುರೇಟರ್ ಬದಲಾಯಿಸಿ ಅಂದರು. ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಪಿಸ್ತೂಲಿನಂಥ ಥರ್ಮಾಮೀಟರ್ ತಂದ. ಒಳ್ಳೆಯ ಹುಡುಗ. ಆದರೆ ಕೈಗೆ ಗ್ರೀಸ್ ಅಂಟುವ ಮುಂಚೆ ಅವನಿಗೆ ನಂಬರ್ ಬೇಕು.

ಅದನ್ನು ಫಳಫಳ ಹೊಳೆಯುವ ಸೈಲೆನ್ಸರ್ ಪೈಪಿಗೆ ಹಿಡಿದ. ಒಂದೊಂದು ಸಲ ಒಂದೊಂದು ನಂಬರ್. ‘ಕ್ರೋಮ್ ಸುಳ್ಳು ಹೇಳುತ್ತೆ ತಮ್ಮಾ, ಕಪ್ಪಗಿರೋ ಕಡೆ ಹಿಡಿ’ ಅಂದರು ಮೆಕ್ಯಾನಿಕ್. ಅವರು ಹೇಳಿದ್ದು ಸರಿ. ಹೊಳೆಯುವ ಲೋಹ ತನ್ನ ಬಿಸಿಯನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ, ಸುತ್ತಲಿನದ್ದನ್ನೂ ಸೇರಿಸಿ ತೋರಿಸುತ್ತದೆ. ಅವರು ಚೊಂಬಿನಿಂದ ನೀರು ಚಿಮುಕಿಸಿದರು. ಎಡಗಡೆ ಚುರ್ ಅಂತು. ಬಲಗಡೆ ಸುಮ್ನೆ ಜಾರಿ ಇಳಿಯಿತು.

ಬಲಗಡೆಯ ಕಾಯಿಲೆ ಬೇಗ ಸಿಕ್ಕಿತು. ಹಳೇ ಪೆಟ್ರೋಲ್ ಗೋಂದಿನಂತಾಗಿ ಕಾರ್ಬ್ಯುರೇಟರಿನೊಳಗಿನ ಪೈಲಟ್ ಜೆಟ್ ಅನ್ನುವ ಸಣ್ಣ ತೂತು ಮುಚ್ಚಿತ್ತು. ಸ್ಲೋನಲ್ಲಿ ಓಡುವಾಗ ಪೆಟ್ರೋಲ್ ಬರುವ ದಾರಿಯೇ ಅದು. ಕರೆಂಟ್ ವೈರಿನ ಒಂದು ಸಣ್ಣ ತಾಮ್ರದ ಎಳೆ ತೂರಿಸಿ ತೆಗೆದರು. ಸೂಜಿ ಹಾಕಬಾರದಂತೆ, ಹಿತ್ತಾಳೆಯ ತೂತು ದೊಡ್ಡದಾಗಿಬಿಡುತ್ತದೆ. ಎರಡೂ ಕಡೆ ಒಂದೇ ಸದ್ದು ಬಂತು. ನಮಗೆಲ್ಲ ಖುಷಿ. ಅವರಿಗಿಲ್ಲ.

ತೋಟದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ಎರಡೂ ಪ್ಲಗ್ ಬಿಚ್ಚಿದರು. ಬಲಗಡೆಯದು ಕಾಫಿಪುಡಿ ಬಣ್ಣ. ಹಾಗೇ ಇರಬೇಕು. ಎಡಗಡೆಯದು ಸುಣ್ಣದಷ್ಟು ಬೆಳ್ಳಗೆ, ಅಂದರೆ ಆ ಕಡೆ ಅತಿಯಾಗಿ ಕಾಯುತ್ತಿದೆ. ‘ಎಕ್ಸಿಲೇಟರ್ ಬಿಟ್ರೂ ಇದು ಬೇಗ ಇಳೀತಿಲ್ಲ, ಕೇಳಿಸ್ಕೊಂಡ್ರಾ?’ ಅಂದರು. ಆಮೇಲೆ ಆ ಮಾತು. ‘ತಣ್ಣಗಿರೋದನ್ನ ಎಲ್ರೂ ನೋಡ್ತಾರೆ ಗೌಡ್ರೆ...’

ಈ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಎರಡು ಸಿಲಿಂಡರಿಗೂ ಕೆಳಗಡೆ ಬೇರೆ ಬೇರೆ ಕೋಣೆ. ಹಾಗಾಗಿ ಒಂದು ಕಡೆ ಮಾತ್ರ ಕೆಡಬಹುದು. ಎಲ್ಲಿಂದಲೋ ಕಳ್ಳಗಾಳಿ ನುಗ್ಗಿದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ ಬೆಂಕಿ ಜಾಸ್ತಿ ಕಾಯುತ್ತದೆ. ಮೇಲಾಗಿ ಚಿಕ್ಕಪ್ಪನಿಗೆ ಆಯಿಲ್ ಪಂಪಿನ ಮೇಲೆ ನಂಬಿಕೆ ಇರಲಿಲ್ಲ, ಪಂಪ್ ತೆಗೆಸಿ 2ಟಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು. ಅಂದರೆ ಪೆಟ್ರೋಲ್ ಕಡಿಮೆ ಆದ ಕಡೆ ಆಯಿಲೂ ಕಡಿಮೆ. ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ಲಾಕ್. ಹಳಬರು ಎರಡು ಬೆರಳು ಕ್ಲಚ್ ಮೇಲೇ ಇಟ್ಟುಕೊಂಡು ಓಡಿಸುತ್ತಿದ್ದುದು ಸ್ಟೈಲಿಗಲ್ಲ.

ಎಂಜಿನ್ ಓಡುತ್ತಿರುವಾಗ ಎಡಗಡೆ ಕಾರ್ಬ್ಯುರೇಟರಿನ ಹಿಂದುಮುಂದು ಕ್ಲೀನರ್ ಸ್ಪ್ರೇ ಹೊಡೆದರು. ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಸೇರಿಸುವ ಮ್ಯಾನಿಫೋಲ್ಡ್ ರಬ್ಬರಿಗೆ ತಾಗಿದ ಕೂಡಲೇ ಸದ್ದು ಬದಲಾಯಿತು. ಕ್ಲಾಂಪ್ ಬಿಚ್ಚಿದರೆ ಅದರ ಅಡಿಯಲ್ಲೇ ಬಿರುಕು. ‘ಬದುಕಿದ್ರಿ. ಕ್ರ್ಯಾಂಕ್ ಸೀಲ್ ಆಗಿದ್ರೆ ಎಂಜಿನ್ನೇ ಬಿಚ್ಚಬೇಕಿತ್ತು’ ಅಂದರು.

ಅಷ್ಟರಲ್ಲಿ ಚಿಕ್ಕಮ್ಮ ಕಾಫಿ ತಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು ಅಂತ ಕಾಣುತ್ತೆ. ‘ಈ ಮಾತನ್ನ ನಮ್ಮನೆಯವರು ಇದ್ದಾಗ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು’ ಅಂದರು. ‘ಏನಮ್ಮಾ?’ ಅಂತ ಮೆಕ್ಯಾನಿಕ್ ತಲೆ ಎತ್ತಿದರು. ‘ಏನಿಲ್ಲ, ಕಾಫಿ ಆರೋಗುತ್ತೆ, ಕುಡೀರಿ.’

ಚಿಕ್ಕಪ್ಪ ಕೂತಿದ್ದನ್ನು ನಾನು ನೋಡಿದ ನೆನಪಿಲ್ಲ. ಕೊಯ್ಲು, ಪಲ್ಪರ್, ಮೆಣಸು, ಸೊಸೈಟಿ ಮೀಟಿಂಗ್, ಊರ ದೇವಸ್ಥಾನದ ಲೆಕ್ಕ. ದೊಡ್ಡಪ್ಪ ಮಾತ್ರ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದರು. ಮನೆಯಲ್ಲಿ ನಾಲ್ಕು ಜನ ಸೇರಿದರೆ ಮಾತೆಲ್ಲ ದೊಡ್ಡಪ್ಪನದೇ. ಇವರನ್ನು ಹೇಗಪ್ಪಾ ಕೆಲಸಕ್ಕೆ ಹಚ್ಚುವುದು ಅಂತ. ಚಿಕ್ಕಪ್ಪನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅವರದು ಓಡುತ್ತಿತ್ತಲ್ಲ. ರಾತ್ರಿ ನಿದ್ದೆ ಇಲ್ಲ, ಸಣ್ಣ ಮಾತಿಗೂ ರೇಗಾಟ. ಅದನ್ನೂ ನಾವು ‘ಅವರು ಚುರುಕು’ ಅಂತಲೇ ಲೆಕ್ಕ ಹಾಕಿದೆವು. ದೊಡ್ಡಪ್ಪನ ಪರವಾಗಿ ಒಂದು ಮಾತು ಹೇಳಬೇಕು. ಹೇಳಿದ ಕೆಲಸವನ್ನು ಅವರು ಮಾಡುತ್ತಿದ್ದರು. ಕೂತು ಹೇಳುವಷ್ಟು ಪುರುಸೊತ್ತು ಚಿಕ್ಕಪ್ಪನಿಗೆ ಇರಲಿಲ್ಲ.

ನಿನ್ನೆ ಚಿಕ್ಕಪ್ಪನ ಮಗ ಜೆ.ಸಿ. ರಸ್ತೆಯಿಂದ ರಬ್ಬರ್ ತಂದ. ಎರಡೂ ಕಡೆ ಹೊಸದು ಹಾಕಿದೆವು. ಅವನ ಪಿಸ್ತೂಲನ್ನು ಈ ಸಲ ಕಪ್ಪಗಿರುವ ಕಡೆ ಹಿಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ. ಆದರೂ ತೋಟದ ಗೇಟಿನಾಚೆ ಹೋಗುವ ಹಾಗಿಲ್ಲ. ಆರ್‌ಸಿ ಅವಧಿ ಮುಗಿದು ಎಷ್ಟೋ ಕಾಲವಾಗಿದೆ, ಮೊದಲು ಗಾಡಿ ಚಿಕ್ಕಮ್ಮನ ಹೆಸರಿಗೆ ಆಗಬೇಕು. ಫಾರಂ 31 ತಂದು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಸಹಿ ಮಾಡಿದರು.

‘ನನ್ನ ಹೆಸರಿಗೆ ಬಂದ್ರೆ ನಾನೇ ಓಡಿಸ್ಬೇಕೇನೋ?’