ದೊಡ್ಡವಳ ಕೈಯಲ್ಲಿ ಚಿಕ್ಕವನನ್ನು ಬಿಟ್ಟು ಹೋಗಬಹುದಾ?

ಮಂಗಳೂರಿನ ಫ್ಲ್ಯಾಟ್ ಇರಲಿ, ಉಡುಪಿ ಕಡೆಯ ತೋಟದ ಮನೆ ಇರಲಿ, ಎರಡು ಮಕ್ಕಳಿರುವಲ್ಲಿಂದ ನಮಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಚಿಕ್ಕವನಿಗೆ ಒಂದೂವರೆ ವರ್ಷ, ಕೂತಲ್ಲಿ ಕೂರುವುದಿಲ್ಲ, ಕಂಡದ್ದಕ್ಕೆಲ್ಲ ಹತ್ತುತ್ತಾನೆ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾನೆ. ದೊಡ್ಡವಳಿಗೆ ಏಳು, ಬುದ್ಧಿ ಉಂಟು. ಅಡುಗೆ ಮುಗಿಯುವಷ್ಟು ಹೊತ್ತು, ಮಿಂದು ಬರುವಷ್ಟು ಹೊತ್ತು ಅವಳೇ ನೋಡಿಕೊಳ್ಳಲಿ ಅಂದರೆ ತಪ್ಪಾ?

ತಪ್ಪು ಅಂತ ಅಲ್ಲ, ಆಗುವ ಕೆಲಸ ಅಲ್ಲ. ಏಳು ವರ್ಷದ ಮಗು ಒಂದು ಅಪಾಯವನ್ನು ಕಂಡರೆ ಗುರುತಿಸಬಹುದು. ಆದರೆ ಆಗಲಿರುವುದನ್ನು ಮುಂಚೆಯೇ ಊಹಿಸಿ, ಕೈಯಲ್ಲಿದ್ದ ಚಿತ್ರದ ಪುಸ್ತಕ ಬಿಟ್ಟು ಏಳಬೇಕು ಅಂದರೆ ಅದು ದೊಡ್ಡವರ ಕೆಲಸ. ಅವಳು ಮೈಮರೆತು ಆಡುವುದೇ ಆ ಪ್ರಾಯದ ಆರೋಗ್ಯದ ಲಕ್ಷಣ. ನಮ್ಮ ಲೆಕ್ಕದಲ್ಲಿ ಎಂಟೊಂಬತ್ತು ವರ್ಷದ ಮಗು, ದೊಡ್ಡವರು ಕರೆದರೆ ಕೇಳುವಷ್ಟು ಹತ್ತಿರ ಇದ್ದಾಗ, ಒಂದೇ ಕೋಣೆಯಲ್ಲಿ ಐದು ಹತ್ತು ನಿಮಿಷ ಚಿಕ್ಕದರ ಜೊತೆ ಆಡಬಹುದು. ಮನೆಯಲ್ಲಿ ಇಬ್ಬರನ್ನೇ ಬಿಡುವುದು ಹನ್ನೆರಡರ ಮೊದಲು ಬೇಡ. ನೀರು, ಬೆಂಕಿ ಇದ್ದ ಕಡೆ ಯಾವ ಪ್ರಾಯದ ಅಕ್ಕನ ಮೇಲೂ ಆ ಭಾರ ಹೊರಿಸಬಾರದು.

ಕಾವಲು ಸಿಗದಿದ್ದರೆ ಮನೆಯನ್ನೇ ಸರಿಮಾಡಬೇಕು. ಇಲ್ಲಿ ಎಲ್ಲರೂ ಮಾಡುವುದು ಉಲ್ಟಾ. ಚಿಕ್ಕವನಿಗೊಂದು ಬೇಲಿ ತಂದು ಅವನನ್ನು ಒಳಗೆ ಕೂರಿಸುತ್ತಾರೆ. ಹತ್ತುವ ಮಗು ಅದರಲ್ಲಿ ಹತ್ತು ನಿಮಿಷ ನಿಲ್ಲುವುದಿಲ್ಲ, ಮತ್ತೆ ಬೇಲಿಗೇ ಹತ್ತುತ್ತದೆ. ಬೇಲಿಯೊಳಗೆ ಹೋಗಬೇಕಾದದ್ದು ದೊಡ್ಡವಳು ಮತ್ತು ಅವಳ ಸಾಮಾನು. ಏಕೆಂದರೆ ಮನೆಯಲ್ಲಿ ಚಿಕ್ಕ ಮಗುವಿಗೆ ಅಪಾಯ ತರುವ ಎಷ್ಟೋ ಸಾಮಾನು ದೊಡ್ಡ ಮಗುವಿನದ್ದೇ: ಮಣಿ, ಪೆನ್ಸಿಲ್ ತುಂಡು, ಕಟ್ಟುವ ಆಟದ ಸಣ್ಣ ತುಂಡುಗಳು, ಬ್ಯಾಟರಿ ಹಾಕುವ ಬೊಂಬೆ. ಹಾಗೆಯೇ ಚಿಕ್ಕವನಿಂದ ಅತಿ ಹೆಚ್ಚು ಹಾಳಾಗುವುದು ದೊಡ್ಡವಳ ನೆಮ್ಮದಿ. ಒಂದು ಅರ್ಧ ಬಾಗಿಲು ಹಾಕಿದರೆ ಎರಡೂ ಬಗೆಹರಿಯುತ್ತವೆ.

ಕೋಣೆಯ ಬಾಗಿಲಿನ ಚೌಕಟ್ಟಿಗೆ ಎರಡೂವರೆ ಅಡಿ ಎತ್ತರದ ಅರ್ಧ ಬಾಗಿಲನ್ನು ಊರಿನ ಬಡಗಿಯೇ ಮಾಡಿಕೊಡುತ್ತಾರೆ. ಪಟ್ಟಿಗಳು ನೆಟ್ಟಗೆ ನಿಂತಿರಬೇಕು. ಅಡ್ಡ ಪಟ್ಟಿ ಇಟ್ಟರೆ ಅದೇ ಏಣಿ. ಪಟ್ಟಿಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ಸಂದು ಬೇಡ, ಕೆಳಗಿನ ಸಂದೂ ಅಷ್ಟೇ. ಚಿಲಕವನ್ನು ದೊಡ್ಡವಳ ಕೈಗೆ ಎಟಕುವ ಹಾಗೆ, ಚಿಕ್ಕವನಿಗೆ ಕಾಣದ ಮಗ್ಗುಲಿಗೆ ಹಾಕಿಸಿ. ಬೇರೆ ಕೋಣೆ ಇಲ್ಲದ ಮನೆಯಲ್ಲಿ ಊಟದ ಮೇಜಿನ ಮೇಲೆ ಅವಳ ಜಾಗ ಮಾಡಬಹುದು. ಆದರೆ ಅವಳು ಕೂತ ಕುರ್ಚಿ ಒಂದನ್ನು ಬಿಟ್ಟು ಉಳಿದವನ್ನು ನೆಲಕ್ಕೆ ಮಲಗಿಸಿಡಬೇಕು. ಕುರ್ಚಿ ಎಳೆದು ತಂದು ಹತ್ತುವುದನ್ನು ಮಕ್ಕಳು ಒಂದೂವರೆ ವರ್ಷದ ಹೊತ್ತಿಗೇ ಕಲಿಯುತ್ತವೆ.

ಏನು ಒಳಗೆ, ಏನು ಹೊರಗೆ ಅನ್ನುವುದಕ್ಕೆ ಒಂದು ಅಳತೆ ಉಂಟು. ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷಿಸುವ ಕೊಳವೆಯ ಅಗಲ ಸುಮಾರು 3.2 ಸೆಂ.ಮೀ. ಅದರೊಳಗೆ ಹೋಗುವಂಥದ್ದು ಏನೇ ಇದ್ದರೂ ಚಿಕ್ಕವನ ಕೈಗೆ ಸಿಗಬಾರದು. ಗುಂಡಗಿನ ಚೆಂಡಾದರೆ 4.5 ಸೆಂ.ಮೀ.ಗಿಂತ ದೊಡ್ಡದೇ ಬೇಕು. ಆಟಿ ತಿಂಗಳಲ್ಲಿ ಅಟ್ಟದಿಂದ ಇಳಿಯುವ ಚೆನ್ನೆಮಣೆಯನ್ನೇ ನೋಡಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ, ಎಲ್ಲವೂ ಕೆಂಪು, ನುಣುಪು, ಮೂಗಿನ ಹೊಳ್ಳೆಗೆ ಸರಿಯಾದ ಗಾತ್ರ. ಆಟ ಮುಗಿದ ಮೇಲೆ 56 ಎಣಿಸಿ ಡಬ್ಬಿಗೆ ಹಾಕುವುದನ್ನು ದೊಡ್ಡವಳಿಗೆ ಆಟದ ನಿಯಮವಾಗಿಯೇ ಕಲಿಸಿ, ಅವಳ ಲೆಕ್ಕವೂ ಗಟ್ಟಿಯಾಗುತ್ತದೆ. ಕಣ್ಣಿನ ಹಾಗೆ ಕಪ್ಪು ಚುಕ್ಕಿ ಇರುವ ಗುಲಗಂಜಿಯನ್ನು ಮಾತ್ರ ಮನೆಯೊಳಗೆ ತರುವುದೇ ಬೇಡ. ಜಗಿದರೆ ಅದು ವಿಷ. ಮೂಗಿಗೆ ಏನಾದರೂ ಹಾಕಿಕೊಂಡರೆ ಪಿನ್ನು, ಇಕ್ಕುಳ ಹಿಡಿದು ತೆಗೆಯಲು ಹೋಗಬೇಡಿ. ಇನ್ನೂ ಒಳಗೆ ಸರಿಯುತ್ತದೆ. ಕಿವಿ ಮೂಗು ಗಂಟಲಿನ ವೈದ್ಯರ ಹತ್ತಿರ ಹೋಗಿ.

ಬಟನ್ ಬ್ಯಾಟರಿಯ ವಿಷಯ ಬೇರೆಯೇ. 20 ಮಿ.ಮೀ. ಅಗಲದ ಸಿಆರ್ 2032 ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಲು ಸಾಕು. ಬ್ಯಾಟರಿಯ ಕರೆಂಟಿನಿಂದ ಅಲ್ಲೇ ಕ್ಷಾರ ಉಂಟಾಗುತ್ತದೆ, ಸೋರಿಕೆ ಆಗಬೇಕೆಂದೇನೂ ಇಲ್ಲ. ಮಲದಲ್ಲಿ ಬರುತ್ತದೆಂದು ಕಾಯುವುದು ನಾಣ್ಯದ ಮಟ್ಟಿಗೆ ಕೆಲವೊಮ್ಮೆ ಸರಿಹೋಗಬಹುದು, ಬ್ಯಾಟರಿಗೆ ಖಂಡಿತ ಇಲ್ಲ. ಅನುಮಾನ ಬಂದರೂ ಸಾಕು, ಕೂಡಲೇ ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆ ಆಗಿಲ್ಲವಾದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು, ಒಟ್ಟು ಆರು ಸಲದವರೆಗೆ. ಜೇನು ಹುಡುಕಲು ಅಂಗಡಿಗೆ ಹೋಗಿ ಹೊತ್ತು ಕಳೆಯಬೇಡಿ. ಬೇರೆ ಏನೂ ತಿನ್ನಿಸಬೇಡಿ, ವಾಂತಿ ಮಾಡಿಸಬೇಡಿ.

ತಿಂಡಿಯಲ್ಲೂ ಹೀಗೆಯೇ, ದೊಡ್ಡವಳ ತಟ್ಟೆಯಿಂದ ಚಿಕ್ಕವನಿಗೆ ಅಪಾಯ. ನೆಲಗಡಲೆ, ಹುರಿಗಡಲೆ, ಇಡೀ ಗೇರುಬೀಜ, ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಬೀಜ ತೆಗೆಯದ ರಂಬುಟಾನ್ ನಾಲ್ಕು ವರ್ಷದವರೆಗೆ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಅಕ್ಕ ಚಕ್ಕುಲಿ ತಿನ್ನುತ್ತಾ ಓಡಿದರೆ ತಮ್ಮನೂ ಓಡುತ್ತಾನೆ, ಹಾಗಾಗಿ ತಿನ್ನುವಾಗ ಕೂರಬೇಕು ಅನ್ನುವ ನಿಯಮ ಇಬ್ಬರಿಗೂ.

ಗಂಟಲಿಗೆ ಸಿಕ್ಕಿದಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸ್ವರವೇ ಬರದಿದ್ದರೆ, ಉಸಿರು ಸಿಗದೆ ತುಟಿ ನೀಲಿಯಾಗುತ್ತಿದ್ದರೆ, ತಲೆ ಎದೆಗಿಂತ ಕೆಳಗಾಗುವಂತೆ ಬಗ್ಗಿಸಿ ಬೆನ್ನಿನ ಮೇಲ್ಭಾಗದಲ್ಲಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಬಡಿಯಿರಿ. ಹೋಗದಿದ್ದರೆ ಹಿಂದಿನಿಂದ ಹಿಡಿದು, ಹೊಕ್ಕುಳಿಗೆ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಮತ್ತೆ ಐದು ಬಡಿತ, ಮತ್ತೆ ಐದು ಒತ್ತು, ಹೀಗೆ ವಸ್ತು ಹೊರಬರುವವರೆಗೆ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆಯ ನಡುವೆ ಒತ್ತಬೇಕು. ಕಾಣದ್ದಕ್ಕೆ ಬಾಯಿಗೆ ಬೆರಳು ಹಾಕಿ ತಡಕಬಾರದು. ಮಗು ಪ್ರಜ್ಞೆ ತಪ್ಪಿದರೆ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡುವುದು) ಶುರುಮಾಡಿ. ಇನ್ನೊಬ್ಬರು 108ಕ್ಕೆ ಫೋನು ಮಾಡುತ್ತಲೇ ಇರಬೇಕು.

ಹತ್ತುವುದನ್ನು ನಿಲ್ಲಿಸಲು ಹೋಗಬೇಡಿ, ಇಳಿಯುವುದನ್ನು ಕಲಿಸಿ. ಜಗಲಿ ಇದಕ್ಕೆ ಒಳ್ಳೆಯ ಜಾಗ. ಅಂಚಿಗೆ ಬಂದ ಮಗುವನ್ನು ಹೊಟ್ಟೆಯ ಮೇಲೆ ಮಲಗಿಸಿ, ತಿರುಗಿಸಿ, "ಕಾಲು ಮೊದಲು" ಅನ್ನುತ್ತಾ ಕಾಲನ್ನು ನೆಲಕ್ಕೆ ಮುಟ್ಟಿಸಿ. ದಿನಕ್ಕೆ ನಾಲ್ಕೈದು ಸಲ, ಅದೇ ಮಾತು, ಎಲ್ಲರ ಬಾಯಲ್ಲೂ. ಮಂಚ, ಸೋಫಾ, ಮೆಟ್ಟಿಲು ಎಲ್ಲದಕ್ಕೂ ಅದೇ ಪಾಠ. ಮಳೆಗಾಲದಲ್ಲಿ ರೆಡ್‌ಆಕ್ಸೈಡ್ ನೆಲ ಬೆವರುತ್ತದೆ, ಆಗ ಸಾಕ್ಸ್ ಹಾಕಿಸಿದರೆ ಜಾರುವುದು ಖಂಡಿತ. ಬರಿಗಾಲೇ ಒಳ್ಳೆಯದು. ಕಪಾಟು, ಟಿವಿ ಸ್ಟ್ಯಾಂಡನ್ನು ಗೋಡೆಗೆ ಎಲ್ ಪಟ್ಟಿಯಿಂದ ಬಿಗಿಯಿರಿ, ಏಕೆಂದರೆ ಡ್ರಾಯರ್ ಎಳೆದು ಮೆಟ್ಟಿಲು ಮಾಡಿಕೊಂಡ ಕೂಡಲೇ ಇಡೀ ಕಪಾಟು ಮುಂದಕ್ಕೆ ಮಗುಚುತ್ತದೆ. ಮುರಕಲ್ಲಿನ ಗೋಡೆಯಲ್ಲಿ ಸಣ್ಣ ಗಿಟ್ಟಿ (ಸ್ಕ್ರೂ ಕೂರಿಸುವ ಪ್ಲಗ್) ನಿಲ್ಲುವುದಿಲ್ಲ, ತೂತು ಪುಡಿಪುಡಿಯಾಗಿ ಉದುರುತ್ತದೆ. ಗಾರೆ ದಾಟಿ ಕಲ್ಲಿನೊಳಗೆ ಹೋಗುವ ಉದ್ದದ ಗಿಟ್ಟಿ ಹಾಕಿಸಿ, ಬಿಗಿದ ಮೇಲೆ ನೀವೇ ಒಮ್ಮೆ ಎಳೆದು ನೋಡಿ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಸರಳುಗಳ ಸಂದು 10 ಸೆಂ.ಮೀ. ದಾಟಬಾರದು. ಅಲ್ಲಿ ಪ್ಲಾಸ್ಟಿಕ್ ಸ್ಟೂಲು, ಹೂಕುಂಡ, ವಾಷಿಂಗ್ ಮೆಷಿನ್ ಏನೂ ಗೋಡೆಗೆ ತಾಗಿ ಇರಬಾರದು.

ನೀರಿನ ವಿಷಯದಲ್ಲಿ ನಮ್ಮ ಊರಿನವರಿಗೆ ಧೈರ್ಯ ಜಾಸ್ತಿ. ಒಂದೂವರೆ ವರ್ಷದ ಮಗುವಿಗೆ ದೇಹದ ಲೆಕ್ಕಕ್ಕೆ ತಲೆ ಭಾರ. ಬಕೆಟಿಗೆ ಬಗ್ಗಿ ಬಿದ್ದರೆ ತಾನಾಗಿ ಏಳಲು ಆಗುವುದಿಲ್ಲ. ಐದು ಸೆಂಟಿಮೀಟರ್ ನೀರು ಸಾಕು, ಮತ್ತೆ ಸದ್ದೂ ಆಗುವುದಿಲ್ಲ. ಬಚ್ಚಲಿನ ಬಕೆಟು ಬಳಸಿದ ಮೇಲೆ ಕವುಚಿ ಇಡಿ, ಬಾಗಿಲಿಗೆ ಹೊರಗಿನಿಂದ ಮೇಲೆ ಚಿಲಕ. ಬಾವಿಕಟ್ಟೆ ಎರಡೂವರೆ ಅಡಿ ಇದ್ದರೂ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲಿದ್ದರೆ ಅದು ಮೆಟ್ಟಿಲು. ಮೇಲೆ ಹಾಸುವ ಹಸಿರು ಬಲೆ ಎಲೆ ಬೀಳದಂತೆ ತಡೆಯುತ್ತದೆ, ಮಗುವನ್ನು ಅಲ್ಲ. ಕಬ್ಬಿಣದ ಚೌಕಟ್ಟಿಗೆ ಜಾಲರಿ ಬೆಸುಗೆ ಹಾಕಿಸಿದ ಎರಡು ಹೋಳಿನ ಮುಚ್ಚಳ, ಅದಕ್ಕೊಂದು ಬೀಗ. ಉಪ್ಪಿನ ಗಾಳಿಗೆ ಬೇಗ ತುಕ್ಕು ಹಿಡಿಯುವುದರಿಂದ ಪ್ರತಿ ವರ್ಷ ಮಳೆಗೆ ಮೊದಲು ಬಣ್ಣ ಬಳಿಯಿಸಿ. ಇಂಗುಗುಂಡಿ, ತೋಟದ ಕಣಿ ಜೂನ್‌ನಿಂದ ತುಂಬಿರುತ್ತವೆ, ಅಂಗಳಕ್ಕೆ ಗೇಟು ಬೇಕೇ ಬೇಕು.

ಬಿಸಿನೀರಿಗೆ ಗೀಸರನ್ನು 50 ಡಿಗ್ರಿಗೆ ಇಳಿಸಿ. 60 ಡಿಗ್ರಿಯ ನೀರು ಎಳೆಯ ಚರ್ಮವನ್ನು ಕೆಲವೇ ಕ್ಷಣಗಳಲ್ಲಿ ಸುಡುತ್ತದೆ. ಹಂಡೆಯ ನೀರಾದರೆ ಬಕೆಟಿಗೆ ತಣ್ಣೀರು ಮೊದಲು, ಬಿಸಿ ಆಮೇಲೆ. ಸುಟ್ಟರೆ ಹರಿಯುವ ನಲ್ಲಿ ನೀರಿನ ಕೆಳಗೆ ಪೂರ್ತಿ 20 ನಿಮಿಷ. ಟೂತ್‌ಪೇಸ್ಟ್, ಅರಶಿನ, ಐಸು ಯಾವುದೂ ಬೇಡ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ತಂದಿಟ್ಟ ಮೈಲುತುತ್ತು ನೀಲಿ ಕಲ್ಲುಸಕ್ಕರೆಯ ಹಾಗೆ ಹೊಳೆಯುತ್ತದೆ, ಅದು ಬೀಗದೊಳಗೇ ಇರಬೇಕು.

ಹಾಗಾದರೆ ದೊಡ್ಡವಳಿಗೆ ಏನು ಕಲಿಸುವುದು? ಕೂಗುವುದು. "ಅಮ್ಮಾ, ಬಾಯಲ್ಲಿ ಉಂಟು!" ಅಂತ ಕೂಗಿದರೆ ಸಾಕು, ಅವಳೇ ಬೆರಳು ಹಾಕಿ ತೆಗೆಯಲು ಹೋಗಬಾರದು. ತಮ್ಮ ನೀರಿಗೆ ಬಿದ್ದರೆ ಅವಳು ಇಳಿಯಬಾರದು, ಕೂಗುತ್ತಾ ದೊಡ್ಡವರ ಹತ್ತಿರ ಓಡಬೇಕು. ಇದನ್ನು ಮಾತಲ್ಲಿ ಹೇಳಿದರೆ ಸಾಲದು, ಅಂಗಳದಲ್ಲಿ ಬೊಂಬೆ ಇಟ್ಟು ಆಡಿಸಿ ತೋರಿಸಿ. ಮತ್ತೆ ಅವನನ್ನು ಸೊಂಟದ ಮೇಲೆ ಹೊತ್ತು ಮೆಟ್ಟಿಲು ಇಳಿಯುವ ಹಾಗಿಲ್ಲ, ಕೈ ಹಿಡಿದು ಎಳೆದು ಎಬ್ಬಿಸುವ ಹಾಗಿಲ್ಲ. ಒಂದರಿಂದ ನಾಲ್ಕು ವರ್ಷದವರ ಮೊಣಕೈಯ ಕೀಲು ಹೀಗೆ ಎಳೆದರೆ ಸುಲಭವಾಗಿ ಜಾರುತ್ತದೆ. ಊತ ಇರುವುದಿಲ್ಲ, ಮಗು ಆ ಕೈಯನ್ನು ಜೋತುಬಿಟ್ಟು ಎತ್ತುವುದೇ ಇಲ್ಲ. ಎಣ್ಣೆ ಹಾಕಿ ತಿಕ್ಕಿಸಬೇಡಿ. ಗೊತ್ತಿರುವ ವೈದ್ಯರು ಒಂದು ನಿಮಿಷದಲ್ಲಿ ಸರಿಮಾಡುತ್ತಾರೆ, ಅರ್ಧ ಗಂಟೆಯಲ್ಲಿ ಕೈ ಆಡಿಸಲು ಶುರುಮಾಡುತ್ತದೆ.

ಜಗಳದ ಬಗ್ಗೆ ಹೇಳಲು ಅಷ್ಟೇನಿಲ್ಲ. ಮೂರರ ಒಳಗಿನ ಮಗುವಿಗೆ ಹಂಚಿಕೊಳ್ಳುವುದು ಅರ್ಥವಾಗುವುದಿಲ್ಲ, ದೊಡ್ಡವಳ ವಸ್ತುವನ್ನು ಕಸಿದು ಕೊಡಿಸುವುದೂ ನ್ಯಾಯ ಅಲ್ಲ. ಕಿತ್ತುಕೊಳ್ಳುವ ಬದಲು ಬೇರೊಂದು ವಸ್ತು ತೋರಿಸಿ ಬದಲಿಸುವುದನ್ನು ಅವಳಿಗೆ ಕಲಿಸಿ. ಕಚ್ಚಿದಾಗ ಮೊದಲು ಪೆಟ್ಟಾದವರನ್ನು ಎತ್ತಿಕೊಳ್ಳಿ, ಕಚ್ಚಿದವನಿಗೆ ಒಂದೇ ಮಾತು: "ಕಚ್ಚುವುದು ಬೇಡ, ನೋವಾಗುತ್ತದೆ." ಭಾಷಣ ಬೇಡ ಮಾರಾಯ್ರೆ. ದಿನಕ್ಕೆ ಹತ್ತು ಹದಿನೈದು ನಿಮಿಷ ದೊಡ್ಡವಳ ಜೊತೆ ಮಾತ್ರ ಕೂತರೆ, ಮೊಬೈಲು ಇಲ್ಲದೆ, ಅರ್ಧ ಜಗಳ ಕಡಿಮೆಯಾಗುತ್ತದೆ.

ನಿಜವಾದ ಪರೀಕ್ಷೆ ಜುಲೈಯಲ್ಲಿ, ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನ. ಬೆಳಿಗ್ಗೆಯೇ ಮೈ ದಣಿಸಿ: ನೆಲಕ್ಕೆ ಹಾಸಿಗೆ ಹಾಕಿ ಹಾರಾಟ, ದಿಂಬಿನ ಗುಡ್ಡ, ಮಣೆ ಇಟ್ಟು ಜಾರುವುದು. ಹದಿನೈದರಿಂದ ಹದಿನೆಂಟು ತಿಂಗಳ ಹೊತ್ತಿಗೆ ಹಗಲು ನಿದ್ದೆ ಎರಡರಿಂದ ಒಂದಕ್ಕೆ ಇಳಿಯುತ್ತದೆ, ಇಡೀ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಊಟ ಬೇಗ ಮುಗಿಸಿ ಹನ್ನೆರಡೂವರೆಗೆ ಮಲಗಿಸಿದರೆ ದೊಡ್ಡವಳ ಬಣ್ಣ, ಕತ್ತರಿ, ಅಂಟು ಎಲ್ಲ ಆಗ ಹೊರಬರಲಿ. ಆ ಹೊತ್ತಿಗೆ ಅವಳಿಗೆ ಬರೆಯುವ ಕೆಲಸ ಹೇರಬೇಡಿ, ಅದು ಸಂಜೆಗೂ ಆಗುತ್ತದೆ.

ಮಳೆ ಬಿಟ್ಟ ಮೇಲೆ ಪಣಂಬೂರು, ಮಲ್ಪೆ, 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದ ಪಡುಬಿದ್ರಿ ಎಲ್ಲವೂ ಸರಿ, ಒಂದು ಮಗುವಿಗೆ ಒಬ್ಬ ದೊಡ್ಡವರು ಇದ್ದರೆ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲನ್ನು ದೂರದಿಂದ ನೋಡಿ. ಹೋಗುವುದು ಸ್ಕೂಟರಿನಲ್ಲಾದರೆ, 9 ತಿಂಗಳಿಂದ 4 ವರ್ಷದವರಿಗೆ ಹೆಲ್ಮೆಟ್, ಸವಾರರಿಗೆ ಕಟ್ಟುವ ಬೆಲ್ಟು, 40 ಕಿ.ಮೀ. ಮೀರದ ವೇಗ ಎಂದು ಕೇಂದ್ರ ಸರಕಾರ 2022ರಲ್ಲಿ ನಿಯಮ ಮಾಡಿದೆ. ನಾಲ್ಕು ದಾಟಿದ ದೊಡ್ಡವಳಿಗೆ ತನ್ನದೇ ಹೆಲ್ಮೆಟ್ ಬೇಕು. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಂದೇ ಸ್ಕೂಟರಿನಲ್ಲಿ ಅನ್ನುವುದು ಕಾನೂನಿಗೂ ಸಲ್ಲ, ಬ್ರೇಕಿಗೂ ಸಲ್ಲ. ಉಡುಪಿಯ ವಿಟ್ಲಪಿಂಡಿ, ಮಂಗಳೂರಿನ ಕುದ್ರೋಳಿ ದಸರಾದ ಜನಜಂಗುಳಿಗೆ ಹೋಗುವ ಮುಂಚೆ ಚಿಕ್ಕವನ ತೋಳಿಗೆ ಪೆನ್ನಿನಲ್ಲಿ ಫೋನ್ ನಂಬರು ಬರೆಯಿರಿ, ದೊಡ್ಡವಳಿಗೆ ಅದು ಬಾಯಿಪಾಠ ಇರಲಿ.

ಕೊನೆಗೆ ಬರುವ ಉಪಪ್ರಶ್ನೆ: "ಅಜ್ಜಿ ಇದ್ದಾರಲ್ಲ, ಅವರು ನೋಡಿಕೊಳ್ಳುತ್ತಾರೆ." ಒಳ್ಳೆಯದೇ. ಆದರೆ ಅಜ್ಜಿಯ ದಿಂಬಿನ ಬದಿಯ ಮಾತ್ರೆಯ ಡಬ್ಬಿ ಮೊದಲು ಮೇಲಕ್ಕೆ ಹೋಗಬೇಕು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಲ್ಲಿ ಒಂದೇ ಒಂದು ನುಂಗಿದರೂ ಮಗುವಿನ ರಕ್ತದ ಸಕ್ಕರೆ ಅಪಾಯಕ್ಕೆ ಇಳಿಯಬಹುದು, ಅದೂ ಹಲವು ಗಂಟೆ ತಡವಾಗಿ. ಆಡಿಕೊಂಡೇ ಇದ್ದಾನೆ ಅಂತ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಮಾತ್ರೆಯ ಖಾಲಿ ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎಷ್ಟು ಮಾತ್ರೆ ಕಡಿಮೆ ಉಂಟು ಅಂತ ಎಣಿಸಿ ಹೇಳಿ, ರಾತ್ರಿ ಅಲ್ಲೇ ಇರಿ ಅಂದರೆ ಇರಿ.