ಖಾಲಿ ಉತ್ತರ ಬಂದರೆ ಎಲ್ಲವೂ ಸರಿ ಇದೆ ಎಂದಲ್ಲ

ಸರ್ವರ್‌ಗಳ ಸ್ಥಿತಿ ಕೇಳಿದರೆ ಹೇಳುವ ಎಐ ಏಜೆಂಟಿಗೆ ಹೊಸ ಟೂಲ್ (ಅದು ಕರೆದು ಬಳಸುವ ಸಣ್ಣ ಪ್ರೋಗ್ರಾಂ) ಜೋಡಿಸುವಾಗ ಕೋಡಿಗಾಗಿ ತಲೆ ಕೆಡಿಸಿಕೊಳ್ಳುವ ನಮ್ಮವರು ವಿವರಣೆಯ ಜಾಗಕ್ಕೆ ಬಂದರೆ ‘ಪ್ರೊಮಿಥಿಯಸ್‌ನಿಂದ ಮೆಟ್ರಿಕ್ಸ್ ತರುತ್ತದೆ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳುತ್ತಾರೆ. (ಪ್ರೊಮಿಥಿಯಸ್ ಎಂದರೆ ಸರ್ವರ್‌ಗಳ ಮೆಟ್ರಿಕ್‌ಗಳನ್ನು, ಅಂದರೆ ಅಳತೆಯ ಅಂಕಿಗಳನ್ನು, ಸಂಗ್ರಹಿಸಿಡುವ ವ್ಯವಸ್ಥೆ.) ಏಜೆಂಟಿಗೆ ಆ ಕೋಡ್ ಕಾಣಿಸುವುದೇ ಇಲ್ಲ. ಏಜೆಂಟಿಗೂ ಟೂಲಿಗೂ ಕೊಂಡಿ ಹಾಕುವ ಎಂಸಿಪಿ ಎಂಬ ಪ್ರೋಟೋಕಾಲ್ ಮೂಲಕ ಅದರ ಕೈಗೆ ಸಿಗುವುದು ಮುಖ್ಯವಾಗಿ ಟೂಲಿನ ಹೆಸರು, ವಿವರಣೆ ಮತ್ತು ಇನ್‌ಪುಟ್‌ಗಳ ಸ್ಕೀಮಾ (ಏನನ್ನು ಯಾವ ರೂಪದಲ್ಲಿ ಕೊಡಬೇಕು ಎಂಬುದು). ಹಾಗಾಗಿ ರಿವ್ಯೂಗೆ ಬಂದದ್ದರಲ್ಲಿ ನಾನು ಮೊದಲು ಓದುವುದು ವಿವರಣೆಯನ್ನೇ. ಸಹೋದ್ಯೋಗಿಗಳಿಗೆ ಇದರಿಂದ ಕಿರಿಕಿರಿ ಎಂದು ಗೊತ್ತು.

ಪ್ರೊಮಿಥಿಯಸ್‌ಗೆ ಒಂದು ಸ್ವಭಾವವಿದೆ. ಅದರ ಬಳಿ ಇಲ್ಲದ ಮೆಟ್ರಿಕ್ ಕೇಳಿದರೂ ಅದು ದೋಷ ಎನ್ನುವುದಿಲ್ಲ. ಸ್ಥಿತಿ ‘ಸಕ್ಸೆಸ್’ ಎಂದಿರುತ್ತದೆ, ಫಲಿತಾಂಶದ ಪಟ್ಟಿ ಮಾತ್ರ ಖಾಲಿ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಖಾಲಿ. ಮೆಟ್ರಿಕ್‌ಗೆ ಅಂಟಿಸಿದ ಗುರುತಿನಲ್ಲಿ, ಅಂದರೆ ಲೇಬಲ್‌ನಲ್ಲಿ, ‘ಪ್ರೊಡ್’ ಎಂದಿರಬೇಕಾದ ಕಡೆ ‘ಪ್ರೊಡಕ್ಷನ್’ ಎಂದರೂ ಖಾಲಿ. ಸರ್ವರ್ ಸತ್ತು ಮಾಹಿತಿ ಬರುವುದೇ ನಿಂತಿದ್ದರೂ ಖಾಲಿ. ನಿಜಕ್ಕೂ ಒಂದು ದೋಷವೂ ಆಗದಿದ್ದರೂ ಬಹುಪಾಲು ಖಾಲಿಯೇ, ಏಕೆಂದರೆ 500 ಎಂಬ ಸರ್ವರ್ ದೋಷವನ್ನು ಎಣಿಸುವ ಕೌಂಟರ್ ಮೊದಲ 500 ಬರುವವರೆಗೆ ಸಾಮಾನ್ಯವಾಗಿ ಹುಟ್ಟುವುದಿಲ್ಲ. ಇಷ್ಟು ಅರ್ಥಗಳಲ್ಲಿ ಏಜೆಂಟ್ ಆರಿಸಿಕೊಳ್ಳುವುದು ಕೇಳುವವರಿಗೆ ಹಿತವಾದದ್ದನ್ನು: ‘ಯಾವುದೇ ದೋಷ ಕಂಡುಬಂದಿಲ್ಲ.’ ಬೆಳಗಿನ ಜಾವ ಫೋನ್ ಹಿಡಿದು ಕುಳಿತವರಿಗೆ ಇದಕ್ಕಿಂತ ಅಪಾಯದ ವಾಕ್ಯ ಇನ್ನೊಂದಿಲ್ಲ.

ನಮ್ಮ ವಿವರಣೆಗಳು ಇಂಗ್ಲಿಷಿನಲ್ಲಿವೆ. ಪ್ರೊಮಿಥಿಯಸ್ ಟೂಲಿನದ್ದರ ಸಾರ ಹೀಗಿದೆ: ಫಲಿತಾಂಶ ಖಾಲಿ ಬಂದರೆ ದೋಷವಿಲ್ಲ ಎಂದು ತೀರ್ಮಾನಿಸಬೇಡ. ಆ ಮೆಟ್ರಿಕ್ ಹೆಸರು ಇದೆಯೇ, ಆ ಲೇಬಲ್‌ಗೆ ಆ ಮೌಲ್ಯ ಇದೆಯೇ ಎಂದು ಪಟ್ಟಿ ಕೊಡುವ ಟೂಲಿನಲ್ಲಿ ನೋಡು. ಸೇವೆಯ ‘ಅಪ್’ ಮೆಟ್ರಿಕ್ 1 ಇದೆಯೇ, ಅಂದರೆ ಅದರಿಂದ ಮಾಹಿತಿ ಬರುತ್ತಿದೆಯೇ ನೋಡು. ಇವು ಹೊಂದದಿದ್ದರೆ ‘ಗೊತ್ತಾಗಲಿಲ್ಲ’ ಎಂದು ಹೇಳು. ರಾತ್ರಿ ಪಾಳಿಗೆ ಹೊಸದಾಗಿ ಸೇರಿದವರಿಗೆ ನಾವು ಬಾಯಿಮಾತಿನಲ್ಲಿ ಹೇಳುತ್ತಿದ್ದದ್ದು ಇದನ್ನೇ. ಬರೆದಿಡಲು ಏಜೆಂಟ್ ಬರಬೇಕಾಯಿತು.

ಹೋಲಿಸಿದರೆ ದೋಷ ಸಂದೇಶಗಳು ಸಜ್ಜನರು. ಪ್ರೊಮಿಥಿಯಸ್ ಒಂದು ಸರಣಿಗೆ 11,000 ಬಿಂದುಗಳಿಗಿಂತ ಹೆಚ್ಚು ಕೊಡುವುದಿಲ್ಲ. ಒಂದು ವಾರದ ಗ್ರಾಫನ್ನು 15 ಸೆಕೆಂಡಿಗೊಂದರಂತೆ ಕೇಳಿದರೆ 40,320 ಬಿಂದುಗಳಾಗುತ್ತವೆ, ಅದು ತಿರಸ್ಕರಿಸಿ ಕಾರಣವನ್ನೂ ಹೇಳುತ್ತದೆ. ನಿಮಿಷಕ್ಕೊಂದರಂತೆ ಕೇಳಿದರೆ 10,080, ದಾಟಿಹೋಗುತ್ತದೆ. ಏಜೆಂಟ್ ಆ ಸಂದೇಶ ಓದಿ ತಾನೇ ತಿದ್ದಿಕೊಳ್ಳುತ್ತದೆ. ಇದಕ್ಕೆ ವಿವರಣೆಯಲ್ಲಿ ಅರ್ಧ ಸಾಲು ಸಾಕು.

ಸಮಯದ ವಿಷಯದಲ್ಲಿ ದೋಷವೂ ಬರುವುದಿಲ್ಲ, ಖಾಲಿಯೂ ಬರುವುದಿಲ್ಲ. ತಪ್ಪು ಉತ್ತರವೇ ಅಂದವಾಗಿ ಬರುತ್ತದೆ. ‘ನಿನ್ನೆ ರಾತ್ರಿ ಎರಡು ಗಂಟೆಗೆ ಪೇಮೆಂಟ್ ಏಕೆ ನಿಧಾನವಾಯಿತು?’ ಎಂದು ಬೆಂಗಳೂರಿನಲ್ಲಿ ಕುಳಿತವರು ಕೇಳುತ್ತಾರೆ. ಕ್ಯಾಲೆಂಡರಿನ ಪ್ರಕಾರ ಅದು ಇಂದಿನ ತಾರೀಖು. ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಪ್ರಮಾಣ ಸಮಯ ಯುಟಿಸಿಯಲ್ಲಿ ಹಿಂದಿನ ದಿನದ 20:30. ಏಜೆಂಟ್ 02:00 ಎಂಬುದಕ್ಕೆ ಯುಟಿಸಿಯ ಗುರುತಾದ ಝಡ್ ಅಂಟಿಸಿ ಕಳುಹಿಸಿದರೆ ನೋಡುವುದು ನಮ್ಮ ಬೆಳಗಿನ 7:30ರ ಗ್ರಾಫನ್ನು, ಎಲ್ಲವೂ ನೆಟ್ಟಗಾಗಿರುವ ಹೊತ್ತನ್ನು. ಆದ್ದರಿಂದ ಆರಂಭದ ಸಮಯವನ್ನು +05:30 ಸಹಿತ ಪೂರ್ಣವಾಗಿ ಕೊಡಬೇಕೆಂದು ಉದಾಹರಣೆಯೊಂದಿಗೆ ಬರೆದಿದ್ದೇವೆ. ಯಾವ ಅವಧಿಯನ್ನು ನೋಡಿತು ಎಂಬುದನ್ನು ಉತ್ತರದಲ್ಲಿ ಹೇಳಬೇಕೆಂದೂ ಸೇರಿಸಿದ್ದೇವೆ. (ಯುಆರ್‌ಎಲ್‌ನಲ್ಲಿ ಆ + ಚಿಹ್ನೆ ಖಾಲಿ ಜಾಗವಾಗಿಬಿಡುವುದು ಕೋಡ್ ಬರೆಯುವವರ ತಲೆನೋವು, ಏಜೆಂಟಿನದ್ದಲ್ಲ.)

ಏನಾದರೂ ಕೆಟ್ಟಾಗ ಪಾಳಿಯವರಿಗೆ ಎಚ್ಚರಿಕೆ ಕಳುಹಿಸುವ ಅಲರ್ಟ್‌ಮ್ಯಾನೇಜರ್‌ನಲ್ಲಿ ಸೈಲೆನ್ಸ್ ಹಾಕುವ, ಅಂದರೆ ಆ ಎಚ್ಚರಿಕೆಯನ್ನು ಕೆಲಹೊತ್ತು ಸುಮ್ಮನಾಗಿಸುವ, ಟೂಲಿನ ಬಗ್ಗೆ ನಮ್ಮಲ್ಲಿ ಜಗಳವೇ ನಡೆಯಿತು. ‘ಇದು ಸಮಸ್ಯೆಯನ್ನು ಸರಿಪಡಿಸುವುದಿಲ್ಲ, ಕರೆ ಬರುವುದನ್ನು ನಿಲ್ಲಿಸುತ್ತದೆ ಅಷ್ಟೇ’ ಎಂಬ ಸಾಲನ್ನು ಎಲ್ಲರೂ ಒಪ್ಪಿದರು. ‘ಎರಡು ಗಂಟೆಗಿಂತ ಹೆಚ್ಚು ಹಾಕಬೇಡ, ಇಡೀ ಪ್ರೊಡಕ್ಷನ್‌ಗೆ ಹಾಕಬೇಡ’ ಎಂಬುದನ್ನೂ ಅಲ್ಲೇ ಬರೆದರೆ ಸಾಕು ಎಂದು ಕೆಲವರ ವಾದ. ನಾನು ಒಪ್ಪಲಿಲ್ಲ. ವಿವರಣೆ ಸಲಹೆಯೇ ಹೊರತು ಬೀಗವಲ್ಲ. ಎಂಸಿಪಿಯಲ್ಲಿ ‘ಇದು ಓದಲಷ್ಟೇ’, ‘ಇದು ವಿನಾಶಕಾರಿ’ ಎಂದು ಟೂಲಿಗೆ ಅಂಟಿಸುವ ಗುರುತುಗಳೂ ಸೂಚನೆಗಳಷ್ಟೇ. ಮಿತಿ ಇರಬೇಕಾದದ್ದು ಸರ್ವರ್ ಕೋಡಿನಲ್ಲಿ. ವಿವರಣೆಯಲ್ಲಿ ಇರಬೇಕಾದದ್ದು ಆ ಮಿತಿ ಏಕಿದೆ ಎಂಬ ಕಾರಣ.

ಇಷ್ಟುದ್ದ ಬರೆದರೆ ಟೋಕನ್ (ಏಜೆಂಟ್ ಓದುವ ಪಠ್ಯದ ತುಣುಕು) ವ್ಯರ್ಥ ಎಂಬ ಆಕ್ಷೇಪದಲ್ಲಿ ಹುರುಳಿದೆ, ಸಾಮಾನ್ಯವಾಗಿ ಪ್ರತಿ ಸಂಭಾಷಣೆಯಲ್ಲೂ ಎಲ್ಲ ವಿವರಣೆಗಳೂ ಏಜೆಂಟಿನ ಮುಂದೆ ಹೋಗುತ್ತವೆ. ಅದಕ್ಕೆ ನನ್ನ ಉತ್ತರ, ಟೂಲ್‌ಗಳನ್ನೇ ಕಡಿಮೆ ಮಾಡಿ. ನಮ್ಮಲ್ಲಿ ‘ಅಲರ್ಟ್‌ಗಳನ್ನು ಕೊಡುತ್ತದೆ’ ಎಂಬ ಒಂದೇ ವಿವರಣೆಯ ಎರಡು ಟೂಲ್‌ಗಳಿದ್ದವು. ಒಂದು ಪ್ರೊಮಿಥಿಯಸ್‌ನದ್ದು, ಇನ್ನೂ ಹೊತ್ತಿಕೊಳ್ಳದೆ ‘ಪೆಂಡಿಂಗ್’ ಇರುವುದನ್ನೂ ತೋರಿಸುತ್ತದೆ. ಇನ್ನೊಂದು ಅಲರ್ಟ್‌ಮ್ಯಾನೇಜರ್‌ನದ್ದು, ಯಾವುದಕ್ಕೆ ಸೈಲೆನ್ಸ್ ಬಿದ್ದಿದೆ ಎಂದು ಅದಕ್ಕೆ ಮಾತ್ರ ಗೊತ್ತು. ಒಂದನ್ನು ತೆಗೆಯೋಣ ಎಂದು ಹೊರಟು ತೆಗೆಯಲಾಗಲಿಲ್ಲ. ‘ಏನೋ ಕೆಡುವ ಲಕ್ಷಣ ಇದೆಯೇ’ ಎಂದರೆ ಮೊದಲನೆಯದು, ‘ನನಗೆ ಏಕೆ ಕರೆ ಬರಲಿಲ್ಲ’ ಎಂದರೆ ಎರಡನೆಯದು ಎಂದು ಒಂದರ ವಿವರಣೆಯಲ್ಲಿ ಇನ್ನೊಂದನ್ನು ಹೆಸರಿಸಿ ಬರೆದೆವು. ಬದಲಿಗೆ ಯಾರೂ ಬಳಸದ ಡ್ಯಾಶ್‌ಬೋರ್ಡ್ ಟೂಲ್‌ಗಳನ್ನು ಕಿತ್ತುಹಾಕಿದೆವು.